ದಿಗಂತ ಅಳಿಸಿಹೋದ ಮೇಲಿನ ಹತ್ತು ನಿಮಿಷ

ಎಲ್ಲರಿಗೂ ನಮಸ್ಕಾರ.

ಭೂದೃಶ್ಯ ಛಾಯಾಗ್ರಾಹಕರನ್ನು ಸಭೆಗೆ ಪರಿಚಯಿಸುವಾಗ ‘ಇವರು ಬಹಳ ತಾಳ್ಮೆಯವರು’ ಎಂಬ ಮಾತು ತಪ್ಪದೆ ಬರುತ್ತದೆ. ಇವತ್ತೂ ಬಂತು. ಹೊಗಳಿಕೆಯನ್ನು ಬೇಡವೆನ್ನುವಷ್ಟು ದೊಡ್ಡವನು ನಾನಲ್ಲ. ಆದರೆ ಈ ಒಂದು ಮಾತನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟ. ತಪ್ಪು ಜಾಗದಲ್ಲಿ, ತಪ್ಪು ಹೊತ್ತಿನಲ್ಲಿ ಮೂರು ಗಂಟೆ ತಾಳ್ಮೆಯಿಂದ ನಿಂತವನಿಗೆ ಕಾಲುನೋವು ಬರುತ್ತದೆಯೇ ಹೊರತು ಚಿತ್ರ ಬರುವುದಿಲ್ಲ. ಗಳಿಗೆಗೊಂದು ಬಣ್ಣ ತಾಳುವ ಕಡಲತೀರದಲ್ಲಿ ಬೇಕಾಗುವುದು, ಮುಂದೇನಾಗುತ್ತದೆ ಎಂಬುದನ್ನು ಹತ್ತು ನಿಮಿಷ ಮುಂಚಿತವಾಗಿ ಲೆಕ್ಕ ಹಾಕುವ ಅಭ್ಯಾಸ. ನನ್ನ ಮಾತೆಲ್ಲ ಆ ಹತ್ತು ನಿಮಿಷದ ಸುತ್ತ ಇರುತ್ತದೆ. ಯಾವ ಕ್ಯಾಮೆರಾ, ಯಾವ ಲೆನ್ಸ್ ಎಂದು ಕೇಳಲು ಬಂದವರಿಗೆ ಕೊಂಚ ನಿರಾಸೆಯಾಗಬಹುದು.

ಹತ್ತು ನಿಮಿಷ ಎಂಬ ಲೆಕ್ಕ ಎಲ್ಲಿಂದ ಬಂತು ಎಂದು ಮೊದಲು ಹೇಳುತ್ತೇನೆ. ನೀರಿನ ಅಂಚಿನಲ್ಲಿ ನಿಂತ ಸಾಧಾರಣ ಎತ್ತರದ ವ್ಯಕ್ತಿಗೆ ಕಾಣುವ ದಿಗಂತ ಇರುವುದು ಸುಮಾರು 5 ಕಿ.ಮೀ. ದೂರದಲ್ಲಿ. ಕೊನೆಯಿಲ್ಲದ ಕಡಲು ಎಂದು ನಾವು ಹಾಡಿ ಹೊಗಳುವುದು ಇಷ್ಟನ್ನೇ. 30 ಮೀಟರ್ ಎತ್ತರದ ಬಂಡೆ ಹತ್ತಿದರೆ ಅದು ಸುಮಾರು 20 ಕಿ.ಮೀ. ದೂರಕ್ಕೆ ಸರಿಯುತ್ತದೆ. ಈಗ ಮಳೆ ಸುರಿಸುತ್ತಾ ಒಂದು ಮೋಡ ನಿಮ್ಮ ಕಡೆಗೆ ಬರುತ್ತಿದೆ ಎನ್ನಿ. ಆ ಮಳೆಯ ಪರದೆ ದಿಗಂತದ ಆಚೆ ಇರುವ ತನಕ ನೀರು ಮತ್ತು ಆಕಾಶ ಸೇರುವ ಗೆರೆ ಚೂಪಾಗಿಯೇ ಇರುತ್ತದೆ. ಗೆರೆ ಒಂದು ಕಡೆ ಮಸುಕಾಗಿ ಅಳಿಸಿಹೋಯಿತೆಂದರೆ ಮಳೆ ಈಚೆಗೆ ಬಂದಾಯಿತು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಸಾಗುವ ಮಳೆಗೆ ಈ ದೂರ ದಾಟಲು ಬೇಕಾಗುವುದು ಹತ್ತೇ ನಿಮಿಷ. ಗಾಳಿ ಇನ್ನೂ ಜೋರಾಗಿದ್ದರೆ ಏಳೆಂಟು ನಿಮಿಷ.

ಅಷ್ಟರೊಳಗೆ ತೀರದಲ್ಲಿ ಏನೇನು ನಡೆಯುತ್ತದೆ ಗಮನಿಸಿ. ಅಲ್ಲಿಯವರೆಗೆ ಬೀಸುತ್ತಿದ್ದ ಗಾಳಿ ಒಮ್ಮೆ ಸತ್ತಂತಾಗುತ್ತದೆ, ಅಥವಾ ದಿಕ್ಕು ಬದಲಿಸುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ತಣ್ಣಗಿನ ಗಾಳಿ ಮುಖಕ್ಕೆ ಹೊಡೆಯುತ್ತದೆ. ಮಳೆಯ ಜೊತೆ ಕೆಳಗಿಳಿದ ತಂಪು ಗಾಳಿ ನೀರಿಗೆ ಬಡಿದು ಎಲ್ಲ ಕಡೆ ಹರಡಿಕೊಂಡು ಮಳೆಗಿಂತ ಮುಂಚೆ ನಿಮ್ಮನ್ನು ಮುಟ್ಟುವುದು ಹೀಗೆ. ದೂರದ ನೀರಿನ ಮೇಲೆ ಕಪ್ಪನೆಯ ಒಂದು ಪಟ್ಟಿ ಓಡಿಬರುವುದು ಕಂಡರೆ ಅದೇ ಆ ಗಾಳಿ. ಮುಂಗಡೆ ಮೋಡದ ತಳ ಗಾಢ ನೀಲಿಗೆ ತಿರುಗಿದೆ, ಹಿಂದಿನಿಂದ ಸೂರ್ಯ ಇನ್ನೂ ಬಂಡೆಗಳ ಮೇಲೆ ಬೀಳುತ್ತಿದ್ದಾನೆ. ಕಪ್ಪು ಹಿನ್ನೆಲೆಯ ಎದುರು ಬೆಳಗಿದ ಬಂಡೆ, ಬೆಳಗಿದ ನೊರೆ. ಇಂಥ ಬೆಳಕನ್ನು ನೀವು ತಿಳಿಯಾದ ಸಂಜೆಯಲ್ಲಿ ಪಡೆಯಲಾರಿರಿ, ಪೂರ್ತಿ ಮೋಡ ಕವಿದ ಸಂಜೆಯಲ್ಲೂ ಪಡೆಯಲಾರಿರಿ. ಎರಡು ಹವಾಮಾನಗಳು ಒಂದನ್ನೊಂದು ತಾಗುವ ಅಂಚಿನಲ್ಲಿ ಮಾತ್ರ ಅದು ಸಿಗುತ್ತದೆ. ನಾನು ತೀರಕ್ಕೆ ಹೋಗುವುದೇ ಆ ಅಂಚಿಗಾಗಿ.

ಗುಡುಗು ಕೇಳಿದರೆ ಮಾತ್ರ ಈ ಲೆಕ್ಕವೆಲ್ಲ ರದ್ದು. ಮಿಂಚಿಗೂ ಗುಡುಗಿಗೂ ನಡುವೆ 3 ಸೆಕೆಂಡಿಗೆ 1 ಕಿ.ಮೀ. 30 ಸೆಕೆಂಡ್ ಎಂದರೆ 10 ಕಿ.ಮೀ., ಅಂದರೆ ಮುಂದಿನ ಮಿಂಚು ನಿಮ್ಮ ಬಳಿಯೇ ಬೀಳಬಹುದಾದಷ್ಟು ಹತ್ತಿರ. ಬಯಲಾದ ಮರಳಿನ ಮೇಲೆ ಎದ್ದು ನಿಂತಿರುವುದು ನೀವು ಮತ್ತು ನಿಮ್ಮ ಟ್ರೈಪಾಡ್ ಇಬ್ಬರೇ. ಕಟ್ಟಡದೊಳಗೋ ಕಾರಿನೊಳಗೋ ಹೋಗಿ, ಕೊನೆಯ ಗುಡುಗಿನ ನಂತರ ಅರ್ಧ ಗಂಟೆ ಅಲ್ಲೇ ಇರಿ.

ಮುನ್ಸೂಚನೆ ನೋಡುತ್ತೀರಾ ಎಂದು ಕೇಳುವವರಿದ್ದಾರೆ. ನೋಡುತ್ತೇನೆ, ಆದರೆ ಮೊಬೈಲಿನ ಪುಟ್ಟ ಮೋಡದ ಚಿಹ್ನೆಯನ್ನು ನಂಬಿ ಮನೆಯಲ್ಲಿ ಉಳಿಯುವುದಿಲ್ಲ. ಇಡೀ ಜಗತ್ತಿನ ಹವಾಮಾನವನ್ನು ಲೆಕ್ಕ ಹಾಕುವ ಪ್ರಮುಖ ಕಂಪ್ಯೂಟರ್ ಮಾದರಿಗಳು ಭೂಮಿಯನ್ನು ಸುಮಾರು 9ರಿಂದ 13 ಕಿ.ಮೀ. ಅಗಲದ ಚೌಕಗಳಾಗಿ ವಿಂಗಡಿಸಿಕೊಳ್ಳುತ್ತವೆ. ನಿಮ್ಮ ಸಂಜೆಯನ್ನು ಉಳಿಸುವ ಅಥವಾ ಕೆಡಿಸುವ ಮಳೆಮೋಡ ಎಷ್ಟೋ ಸಲ ಅಂಥ ಒಂದು ಚೌಕಕ್ಕಿಂತ ಚಿಕ್ಕದು. ಮಳೆಯ ಸಾಧ್ಯತೆ ಶೇ 60 ಎಂಬ ಅಂಕಿ, ಆ ಮಳೆ ಯಾವ ಹೊತ್ತಿನಲ್ಲಿ ಕಾಲು ಗಂಟೆ ಬಿಡುವು ಕೊಡುತ್ತದೆ ಎಂದು ಹೇಳುವುದಿಲ್ಲ. ಹಾಗಾಗಿ ಹೊರಡುವ ಮುನ್ನ ನಾನು ನೋಡುವುದು ಗಾಳಿಯ ದಿಕ್ಕು ಮತ್ತು ಉಪಗ್ರಹ ಚಿತ್ರ. ತೀರದಲ್ಲಿ ನಿಂತ ಮೇಲೆ ರಾಡಾರ್ ಚಿತ್ರ. ಉಳಿದದ್ದೆಲ್ಲ ಕಣ್ಣಿನ ಕೆಲಸ.

ಕಣ್ಣಿನ ಕೆಲಸಕ್ಕೂ ಒಂದು ಪಾಠ ಬೇಕು, ಅದನ್ನು ಕೊಟ್ಟವರು ಯಾವ ಛಾಯಾಗ್ರಾಹಕರೂ ಅಲ್ಲ. ಲ್ಯೂಕ್ ಹೋವರ್ಡ್ ಎಂಬ ಲಂಡನ್ನಿನ ಔಷಧ ತಯಾರಕ 1802ರಲ್ಲಿ ಗೆಳೆಯರ ಸಣ್ಣದೊಂದು ಸಂಘದಲ್ಲಿ ಮೋಡಗಳ ಬಗ್ಗೆ ಉಪನ್ಯಾಸ ಕೊಟ್ಟ. ಸಿರಸ್ (ಎಳೆಯಂಥದ್ದು), ಕ್ಯುಮುಲಸ್ (ರಾಶಿಯಂಥದ್ದು), ಸ್ಟ್ರೇಟಸ್ (ಹಾಸಿನಂಥದ್ದು) ಎಂದು ನಾವು ಇಂದಿಗೂ ಬಳಸುವ ಹೆಸರುಗಳು ಆ ಉಪನ್ಯಾಸದಿಂದ ಬಂದವು. ಅವನು ಮೋಡಗಳನ್ನು ವಸ್ತುಗಳೆಂದು ಎಣಿಸದೆ, ಒಂದರಿಂದ ಇನ್ನೊಂದಕ್ಕೆ ಬದಲಾಗುತ್ತಲೇ ಇರುವ ಸ್ಥಿತಿಗಳೆಂದು ನೋಡಿದ. ನಮಗೆ ಬೇಕಾದದ್ದೂ ಅದೇ. ಹತ್ತಿಯಂಥ ಕ್ಯುಮುಲಸ್ ಮೋಡ ಅಗಲವಾಗುತ್ತಿದೆಯೋ ಎತ್ತರವಾಗುತ್ತಿದೆಯೋ? ಎತ್ತರವಾಗುತ್ತಿದ್ದರೆ ಒಂದೆರಡು ಗಂಟೆಯಲ್ಲಿ ಸುದ್ದಿ ಇದೆ. ಬಹಳ ಎತ್ತರದ ತೆಳುಮೋಡದಲ್ಲಿ ಸೂರ್ಯನ ಸುತ್ತ 22 ಡಿಗ್ರಿಯ ಬಳೆ ಕಂಡರೆ ಮೇಲೆ ಹಿಮದ ಹರಳುಗಳಿವೆ. ಅದರ ಹಿಂದೆಯೇ ದಟ್ಟ ಮೋಡಗಳ ಸಾಲು ಬರುವುದುಂಟು, ಬಾರದೆ ಇರುವುದೂ ಉಂಟು.

ಸೂರ್ಯಾಸ್ತದ ಬಣ್ಣದ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ಮಾತನಾಡಬೇಕು, ಏಕೆಂದರೆ ಜನ ಜೂಜಾಡುವುದು ಇಲ್ಲೇ. ‘ಇವತ್ತು ಕೆಂಪೇರುತ್ತದೆಯೇ?’ ಎಂದು ತಲೆಯೆತ್ತಿ ಮೇಲಿನ ಮೋಡವನ್ನು ನೋಡುತ್ತಾರೆ. ಉತ್ತರ ಇರುವುದು ಮೇಲಲ್ಲ, ಬಹಳ ದೂರದಲ್ಲಿ. ಮುಳುಗುವ ಸೂರ್ಯನ ಕಿರಣ ಮೋಡದ ತಳಕ್ಕೆ ತಾಗಬೇಕಾದರೆ ಅದು ಎಲ್ಲೋ ಭೂಮಿಯ ಮೇಲ್ಮೈಯನ್ನು ಸವರಿಕೊಂಡು ಮೇಲೇರಿ ಬರಬೇಕು. ಭೂಮಿಯ ದುಂಡುತನವನ್ನು ಹಿಡಿದು ಲೆಕ್ಕ ಹಾಕಿದರೆ, ನಿಮ್ಮ ನೆತ್ತಿಯ ಮೇಲೆ 2 ಕಿ.ಮೀ. ಎತ್ತರದಲ್ಲಿರುವ ಮೋಡಕ್ಕೆ ಆ ಕಿರಣ ನೆಲ ಸವರಿದ ಜಾಗ ಸುಮಾರು 160 ಕಿ.ಮೀ. ಪಶ್ಚಿಮಕ್ಕಿದೆ. 8 ಕಿ.ಮೀ. ಎತ್ತರದ ಮೋಡಕ್ಕೆ 300 ಕಿ.ಮೀ.ಗಿಂತ ಹೆಚ್ಚು. ಅಷ್ಟು ದೂರದಲ್ಲಿ ಇನ್ನೊಂದು ಮೋಡದ ರಾಶಿ ಕೂತಿದ್ದರೆ ಕಿರಣ ಅಲ್ಲೇ ಸಿಕ್ಕಿಬೀಳುತ್ತದೆ, ನಿಮ್ಮ ಆಕಾಶ ಬೂದುಬಣ್ಣದಲ್ಲೇ ಕತ್ತಲಾಗುತ್ತದೆ. ಆದ್ದರಿಂದ ಉಪಗ್ರಹ ಚಿತ್ರದಲ್ಲಿ ನಾನು ಹುಡುಕುವುದು ನನ್ನ ತೀರದ ಮೇಲಿನ ಮೋಡವನ್ನಲ್ಲ, ಪಶ್ಚಿಮದಲ್ಲಿ ಮೋಡದ ಹಾಸು ಎಲ್ಲಿ ಮುಗಿಯುತ್ತದೆ ಎಂಬುದನ್ನು. ಮಳೆ ಸುರಿಯುತ್ತಿದ್ದರೂ ಆ ಅಂಚು ನೂರಾರು ಕಿ.ಮೀ. ದೂರದಲ್ಲಿ ಸ್ಪಷ್ಟವಾಗಿ ಕಂಡರೆ ನಾನು ಹೊರಡುತ್ತೇನೆ. ನಿಮ್ಮ ತೀರ ಪೂರ್ವಕ್ಕೆ ಮುಖ ಮಾಡಿದ್ದರೆ ಇದೇ ಲೆಕ್ಕವನ್ನು ಬೆಳಗಿನ ಜಾವಕ್ಕೆ ತಿರುಗಿಸಿಕೊಳ್ಳಿ.

ಹೀಗೆ ಹೊರಟ ಒಂದು ಸಂಜೆಯ ವಿಷಯ ಹೇಳುತ್ತೇನೆ. ಬಂಡೆಗಳಿದ್ದ ತೀರ, ಪಶ್ಚಿಮದ ಗಾಳಿ. ಟ್ರೈಪಾಡ್ ಹೂಡಿ ನಿಂತವರು ಹಲವರಿದ್ದರು. ಎಲ್ಲರ ಮುಖವೂ ಕಡಲಿನ ಕಡೆಗೆ. ದಿಗಂತದ ಗೆರೆ ಬಲಗಡೆಯಿಂದ ಅಳಿಸತೊಡಗಿದಾಗ ಅರ್ಧ ಜನ ಚೀಲ ಕಟ್ಟಿದರು. ಮಳೆ ಬಿದ್ದಾಗ ಉಳಿದರ್ಧ ಜನ ಹೋದರು. ಮಳೆ ಜೋರಾಗಿಯೇ ಬಂತು. ಆದರೆ ಮೋಡದ ಹಿಂಬದಿಯಲ್ಲಿ ತೆಳುವಾದ ಹಳದಿ ಪಟ್ಟಿಯೊಂದು ನೀರಿಗೆ ಅಂಟಿಕೊಂಡಂತೆ ಇತ್ತು. ಮೋಡ ನಮ್ಮನ್ನು ದಾಟಿ ನೆಲದ ಕಡೆಗೆ ಹೋಗುತ್ತಿದ್ದಂತೆ ಸೂರ್ಯ ಆ ಪಟ್ಟಿಯೊಳಗೆ ಇಳಿದ. ನಾನು ಕಡಲಿಗೆ ಬೆನ್ನು ಮಾಡಿ ನಿಂತೆ. ಪೂರ್ವದಲ್ಲಿ ಕಪ್ಪು ಮೋಡ, ಅದರ ಕೆಳಗೆ ಇಡೀ ಗುಡ್ಡದ ಸಾಲು ಕೇಸರಿ ಬಣ್ಣಕ್ಕೆ ತಿರುಗಿತ್ತು, ಅದರ ಮೇಲೆ ಕಾಮನಬಿಲ್ಲು. ಕಡಲತೀರದ ಚಿತ್ರ ಎಂದರೆ ಕಡಲನ್ನೇ ನೋಡಬೇಕು ಎಂಬ ಕಟ್ಟಳೆ ಎಲ್ಲಿಯೂ ಇಲ್ಲ.

ಕಾಮನಬಿಲ್ಲಿನ ವಿಷಯದಲ್ಲಿ ಅದೃಷ್ಟದ ಪಾಲು ಜನ ತಿಳಿದಿರುವುದಕ್ಕಿಂತ ಕಡಿಮೆ. ಅದು ಯಾವಾಗಲೂ ಸೂರ್ಯನ ಎದುರು ದಿಕ್ಕಿನಲ್ಲಿ, ನಿಮ್ಮ ತಲೆಯ ನೆರಳು ಬೀಳುವ ಬಿಂದುವಿನ ಸುತ್ತ 42 ಡಿಗ್ರಿ ಅಂತರದಲ್ಲಿ ಮೂಡುತ್ತದೆ. ಸೂರ್ಯ 42 ಡಿಗ್ರಿಗಿಂತ ಮೇಲಿದ್ದರೆ ಸಮತಟ್ಟಾದ ತೀರದಲ್ಲಿ ನಿಂತವರಿಗೆ ಅದು ಕಾಣುವುದೇ ಇಲ್ಲ, ಹುಡುಕಿ ಪ್ರಯೋಜನವಿಲ್ಲ. ಸೂರ್ಯ ಮುಳುಗುವ ಹೊತ್ತಿಗೆ ಅದು ಪೂರ್ಣ ಅರ್ಧವೃತ್ತ, 84 ಡಿಗ್ರಿ ಅಗಲ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ (36 ಎಂ.ಎಂ. ಅಗಲದ ಸೆನ್ಸರ್ ಇರುವಂಥದ್ದು) 20 ಎಂ.ಎಂ. ಲೆನ್ಸಿಗೆ ಅದು ಎರಡು ತುದಿ ತಾಗುವಂತೆ ಹಿಡಿಸುತ್ತದೆ, ಉಸಿರಾಡಲು ಜಾಗ ಬೇಕಾದರೆ 16 ಎಂ.ಎಂ. ಬೇಕು. ಇನ್ನೊಂದು ಎಚ್ಚರ: ಕಾಮನಬಿಲ್ಲಿನ ಬೆಳಕು ಬಹುಪಾಲು ಧ್ರುವೀಕೃತವಾದದ್ದು, ಅಂದರೆ ಒಂದೇ ದಿಕ್ಕಿನಲ್ಲಿ ಕಂಪಿಸುವಂಥದ್ದು. ಅಂಥ ಬೆಳಕನ್ನು ತಡೆಯಬಲ್ಲ ಪೋಲರೈಸರ್ ಫಿಲ್ಟರನ್ನು ಒಂದು ಕಡೆ ತಿರುಗಿಸಿದರೆ ಬಣ್ಣ ಗಾಢವಾಗುತ್ತದೆ, ಕಾಲುಸುತ್ತು ಆಚೆಗೆ ತಿರುಗಿಸಿದರೆ ಕಾಮನಬಿಲ್ಲೇ ಕಣ್ಮರೆಯಾಗುತ್ತದೆ.

ಇಷ್ಟೂ ಆಕಾಶದ ಮಾತಾಯಿತು. ನನ್ನ ಅನುಭವದಲ್ಲಿ ಕಡಲತೀರದ ಚಿತ್ರವನ್ನು ನಿರ್ಧರಿಸುವುದು ಆಕಾಶಕ್ಕಿಂತ ಹೆಚ್ಚಾಗಿ ನೀರಿನ ಮಟ್ಟ. ಅದೇ ಸೂರ್ಯಾಸ್ತ, ಅದೇ ಮೋಡ, ಆದರೆ ಇಳಿತದಲ್ಲಿ ಹೊಳೆಯುವ ಒದ್ದೆ ಮರಳಿದೆ, ಪಾಚಿ ಕಟ್ಟಿದ ಬಂಡೆಗಳ ನಡುವೆ ನೀರಿನ ಗುಂಡಿಗಳಿವೆ. ಉಬ್ಬರದಲ್ಲಿ ಅವೆಲ್ಲ ಮುಳುಗಿ, ತೀರದ ಗೋಡೆಗೆ ಬಡಿಯುವ ನೀರೊಂದೇ ಉಳಿಯುತ್ತದೆ. ಮೋಡದ ಬಗ್ಗೆ ಊಹೆ ಮಾಡಬೇಕು. ಉಬ್ಬರವಿಳಿತವನ್ನು ವರ್ಷಗಳ ಮುಂಚೆಯೇ ಕೋಷ್ಟಕದಲ್ಲಿ ಅಚ್ಚು ಹಾಕಿ ಕೊಡುತ್ತಾರೆ. ಆದರೂ ಅದನ್ನು ನೋಡದೆ ಹೊರಡುವವರೇ ಹೆಚ್ಚು, ಇದು ನನಗೆ ಇವತ್ತಿಗೂ ಸೋಜಿಗ.

ಬಹುತೇಕ ತೀರಗಳಲ್ಲಿ ಒಂದು ಉಬ್ಬರದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ದಿನದಿಂದ ದಿನಕ್ಕೆ ಅದು ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಹಾಗಾಗಿ ಇವತ್ತು ಸೂರ್ಯಾಸ್ತಕ್ಕೆ ಇಳಿತವಿದ್ದರೆ ಒಂದು ವಾರದ ನಂತರ ಅದೇ ಹೊತ್ತಿಗೆ ಉಬ್ಬರ, ಎರಡು ವಾರದ ನಂತರ ಮತ್ತೆ ಇಳಿತ. ಅಮಾವಾಸ್ಯೆ, ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಳಿತ ದೊಡ್ಡದು, ಅಷ್ಟಮಿಯ ಆಸುಪಾಸಿನಲ್ಲಿ ಚಿಕ್ಕದು. ಈ ಎರಡನ್ನೂ ಜೋಡಿಸಿ ನೋಡಿದರೆ ಸ್ವಾರಸ್ಯದ ಸಂಗತಿಯೊಂದು ಹೊರಬೀಳುತ್ತದೆ. ಹುಣ್ಣಿಮೆ, ಅಮಾವಾಸ್ಯೆಯ ದೊಡ್ಡ ಇಳಿತ ಒಂದು ಜಾಗದಲ್ಲಿ ಯಾವಾಗಲೂ ಹೆಚ್ಚುಕಡಿಮೆ ಒಂದೇ ಗಂಟೆಗೆ ಬರುತ್ತದೆ. ಅದು ನಡುಹಗಲಿಗೆ ಬರುವ ತೀರವಾದರೆ, ಅಲ್ಲಿ ಸೂರ್ಯಾಸ್ತಕ್ಕೆ ಸಿಗುವ ಇಳಿತಗಳೆಲ್ಲ ಅಷ್ಟಮಿಯ ಬಡ ಇಳಿತಗಳೇ. ಕಡಲ ತಳ ದೂರದವರೆಗೆ ತೆರೆದು ಬಿದ್ದಿರುವ ಸಂಜೆಯ ಚಿತ್ರ ಆ ತೀರದಲ್ಲಿ ಸಿಗುವುದಿಲ್ಲ, ನೀವು ಎಷ್ಟು ಸಲ ಹೋದರೂ. ಪಕ್ಕದ ತೀರದಲ್ಲಿ ಯಾರೋ ತೆಗೆದ ಚಿತ್ರ ನೋಡಿ ಅಲ್ಲಿಗೆ ಎಡತಾಕುವ ಬದಲು ಕೋಷ್ಟಕ ನೋಡಿ ಜಾಗ ಬದಲಿಸಿ.

ಏರುವ ವೇಗವೂ ಒಂದೇ ಸಮನಲ್ಲ. ಆರು ಗಂಟೆಯ ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಗಂಟೆಗೆ 1, 2, 3, 3, 2, 1 ಎಂಬಂತೆ ನೀರು ಏರುತ್ತದೆ. ಅಂದರೆ ನಡುವಿನ ಎರಡು ಗಂಟೆಯಲ್ಲೇ ಅರ್ಧ ಏರಿಕೆ ಮುಗಿಯುತ್ತದೆ. 3 ಮೀಟರ್ ಏರಿಳಿತದ ತೀರದಲ್ಲಿ ಅದು ಒಂದೂವರೆ ಮೀಟರ್, ಒಣಗಿದ್ದ ಜಾಗದಲ್ಲಿ ಎದೆಮಟ್ಟದ ನೀರು. ಮೊದಲ ಗಂಟೆಯ ನಿಧಾನವನ್ನು ನೋಡಿ ಧೈರ್ಯ ತಂದುಕೊಂಡು ದೂರದ ಬಂಡೆಗೆ ಹೋದವರು ಹಿಂದಿರುಗುವ ದಾರಿ ಕಳೆದುಕೊಳ್ಳುವುದು ಮೂರನೆಯ ಗಂಟೆಯಲ್ಲಿ. ಊರೂರಿಗೆ ವ್ಯತ್ಯಾಸವಿದೆ: ಕೆನಡಾದ ಫಂಡಿ ಕೊಲ್ಲಿಯಲ್ಲಿ ಏರಿಳಿತ 16 ಮೀಟರ್ ವರೆಗೆ ಹೋಗುತ್ತದೆ, ಮೆಡಿಟರೇನಿಯನ್ ಸಮುದ್ರದ ಬಹುಭಾಗದಲ್ಲಿ ಅರ್ಧ ಮೀಟರೂ ಇಲ್ಲ.

ಅಲೆಗಳ ವಿಷಯಕ್ಕೆ ಬಂದರೆ, ಗಾಳಿಯಿಲ್ಲದ ತಿಳಿಯಾದ ದಿನವೇ ನನಗೆ ಹೆಚ್ಚು ಭಯ. ದೂರದ ಬಿರುಗಾಳಿಯೊಂದು ಎಬ್ಬಿಸಿದ ಉದ್ದನೆಯ ಅಲೆಗಳನ್ನು ತೆಗೆದುಕೊಳ್ಳಿ, 14 ಸೆಕೆಂಡಿಗೆ ಒಂದರಂತೆ ಬರುವಂಥವು. ಆಳದ ನೀರಿನಲ್ಲಿ ಒಂದೊಂದು ಅಲೆಯ ವೇಗ ಗಂಟೆಗೆ 78 ಕಿ.ಮೀ. ಆದರೂ ಅಲೆಗಳ ಗುಂಪು ಸಾಗುವುದು ಅದರ ಅರ್ಧ ವೇಗದಲ್ಲಿ. 2,000 ಕಿ.ಮೀ. ಆಚೆ ಬೀಸಿದ ಗಾಳಿ ಎರಡು ದಿನದ ನಂತರ ನಿಮ್ಮ ಶಾಂತ ತೀರಕ್ಕೆ ಅಲೆಯಾಗಿ ಬರುತ್ತದೆ. ಅವು ಬರುವುದು ಗುಂಪು ಗುಂಪಾಗಿ: ಕೆಲವು ನಿಮಿಷ ಸಣ್ಣ ಅಲೆಗಳು, ಆಮೇಲೆ ಒಂದರ ಹಿಂದೆ ಒಂದು ನಾಲ್ಕಾರು ದೊಡ್ಡವು, ಮತ್ತೆ ಬಿಡುವು. ಬಂಡೆಯ ಮೇಲೆ ಕಾಲಿಡುವ ಮುಂಚೆ ಇಪ್ಪತ್ತು ನಿಮಿಷವಾದರೂ ದೂರದಲ್ಲಿ ನಿಂತು ನೋಡಬೇಕು. ಬಂಡೆ ಒದ್ದೆಯಾಗಿದೆ ಎಂದರೆ ಅಲ್ಲಿಗೆ ನೀರು ಬಂದಿತ್ತು, ಮತ್ತೆ ಬರುತ್ತದೆ. ಕಪ್ಪು ಪಾಚಿಯ ಪಟ್ಟಿ ಇದ್ದರೆ ದಿನವೂ ಬರುತ್ತದೆ, ಜೊತೆಗೆ ಕಾಲೂ ಜಾರುತ್ತದೆ.

ಗಾಳಿಯ ಬಲವನ್ನು ಅಳೆಯಲು ಉಪಕರಣ ಬೇಕಿಲ್ಲ. ಫ್ರಾನ್ಸಿಸ್ ಬ್ಯೂಫೋರ್ಟ್ ಎಂಬ ಬ್ರಿಟಿಷ್ ನೌಕಾಧಿಕಾರಿ 1805ರಲ್ಲಿ ರೂಪಿಸಿದ ಮಾಪಕ ಹಡಗಿನ ಹಾಯಿಗಳನ್ನು ನೋಡಿ ಹೇಳುವಂಥದ್ದು. ನೀರಿನ ನೋಟದಿಂದ ಗಾಳಿಯನ್ನು ಹೇಳುವ ವಿವರಣೆ ಆಮೇಲೆ ಸೇರಿತು. ಅಲ್ಲಲ್ಲಿ ಬಿಳಿ ನೊರೆಯ ತಲೆಗಳು ಕಂಡರೆ ಗಂಟೆಗೆ 12ರಿಂದ 19 ಕಿ.ಮೀ., ಎಲ್ಲೆಲ್ಲೂ ಕಂಡು ಸ್ವಲ್ಪ ತುಂತುರೂ ಹಾರುತ್ತಿದ್ದರೆ 29ರಿಂದ 38. ಎರಡನೆಯದು ಕಂಡ ಕೂಡಲೇ ನಾನು ಟ್ರೈಪಾಡಿನ ನಡುಗಂಬವನ್ನು ಇಳಿಸುತ್ತೇನೆ, ಕಾಲುಗಳನ್ನು ಅಗಲಿಸಿ ಮರಳಿನಲ್ಲಿ ಒತ್ತುತ್ತೇನೆ, ಶಟರನ್ನು ಬಹುಹೊತ್ತು ತೆರೆದಿಡುವ ದೀರ್ಘ ಎಕ್ಸ್‌ಪೋಷರಿನ ಆಸೆ ಬಿಡುತ್ತೇನೆ.

ಆ ಆಸೆ ನನಗೆ ಮೊದಲೇ ಕಡಿಮೆ ಎನ್ನಿ. 10 ಸ್ಟಾಪಿನ, ಅಂದರೆ ಬೆಳಕನ್ನು ಹತ್ತು ಸಲ ಅರ್ಧಕ್ಕೆ ಇಳಿಸುವ ಕಪ್ಪು ಗಾಜಿನ, ಎನ್‌ಡಿ ಫಿಲ್ಟರ್ ಬೆಳಕನ್ನು ಸುಮಾರು ಸಾವಿರದಲ್ಲಿ ಒಂದು ಪಾಲಿಗೆ ಇಳಿಸುತ್ತದೆ. 1/30 ಸೆಕೆಂಡಿನ ಚಿತ್ರ 34 ಸೆಕೆಂಡಿನದಾಗುತ್ತದೆ, ಕಡಲು ಮಂಜಾಗುತ್ತದೆ. ಚೆಂದವೇ. ಆದರೆ ಅರ್ಧ ನಿಮಿಷದಲ್ಲಿ ಅಲೆಯ ಆಕಾರ ಅಳಿದುಹೋದ ಮೇಲೆ ಒಂದು ತೀರಕ್ಕೂ ಇನ್ನೊಂದಕ್ಕೂ ವ್ಯತ್ಯಾಸ ಉಳಿಯುವುದಿಲ್ಲ, ಓಡುವ ಮೋಡವಿದ್ದ ದಿನಕ್ಕೂ ಇಲ್ಲದ ದಿನಕ್ಕೂ ಕೂಡ. ಬದಲಾಗುವ ಹವಾಮಾನದಲ್ಲಿ ನನಗೆ ಹಿಡಿಸುವುದು ಕಾಲು ಸೆಕೆಂಡಿನಿಂದ ಒಂದು ಸೆಕೆಂಡ್. ಅಲೆ ಒಡೆದು ಮುಂದೆ ಬರುವಾಗಲ್ಲ, ಹಿಂದಕ್ಕೆ ಸರಿಯತೊಡಗಿದಾಗ ಶಟರ್ ಒತ್ತಿದರೆ ನೊರೆ ಮರಳಿನ ಮೇಲೆ ಗೆರೆಗಳನ್ನು ಎಳೆಯುತ್ತದೆ, ಅಲೆಯ ಬೆನ್ನೂ ಉಳಿಯುತ್ತದೆ. ಬಂಡೆಗೆ ಬಡಿದು ಸಿಡಿಯುವ ನೀರಾದರೆ 1/1000.

ಉಪ್ಪಿನ ಬಗ್ಗೆ ಎರಡೇ ಮಾತು. ಒಂದು ಲೀಟರ್ ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಉಪ್ಪಿದೆ, ತುಂತುರು ಒಣಗಿದಾಗ ಅದು ಹರಳಾಗಿ ಲೆನ್ಸಿನ ಮೇಲೆ ಕೂರುತ್ತದೆ. ಒಣ ಬಟ್ಟೆಯಿಂದ ಒರೆಸಿದರೆ ಗಾಜನ್ನು ಗೀರುತ್ತದೆ. ಮೊದಲು ಸಿಹಿನೀರಿನಲ್ಲಿ ಒದ್ದೆ ಮಾಡಿದ ಬಟ್ಟೆ, ಆಮೇಲೆ ಒಣ ಬಟ್ಟೆ. ಟ್ರೈಪಾಡಿನ ಕಾಲುಗಳಿಗೂ ಅದೇ ದಿನ ಸಿಹಿನೀರಿನ ಸ್ನಾನ.

ಉಪನ್ಯಾಸದ ನಂತರ ಸಭೆಯಿಂದ ಬಂದ ಎರಡು ಪ್ರಶ್ನೆಗಳನ್ನೂ ಉತ್ತರಗಳನ್ನೂ ಇಲ್ಲಿ ಸೇರಿಸಿದೆ.

ದಿಗಂತವನ್ನು ಚಿತ್ರದ ನಡುವೆ ಇಡಬಾರದು ಎನ್ನುತ್ತಾರೆ, ನಿಜವೇ?

ಜಪಾನಿನ ಛಾಯಾಗ್ರಾಹಕ ಹಿರೋಶಿ ಸುಗಿಮೊಟೊ 1980ರಿಂದ ಲೋಕದ ನಾನಾ ಸಮುದ್ರಗಳನ್ನು ದಿಗಂತ ಸರಿಯಾಗಿ ನಡುವಿಗೆ ಬರುವಂತೆಯೇ ತೆಗೆದಿದ್ದಾರೆ. ಅರ್ಧ ನೀರು, ಅರ್ಧ ಆಕಾಶ, ಬೇರೇನೂ ಇಲ್ಲ. ಆ ದಿನ ಎಲ್ಲಿ ಬದಲಾವಣೆ ನಡೆಯುತ್ತಿದೆ ನೋಡಿ, ಆ ಭಾಗಕ್ಕೆ ಹೆಚ್ಚು ಜಾಗ ಕೊಡಿ. ಎರಡರಲ್ಲೂ ನಡೆಯುತ್ತಿದ್ದರೆ ನಡುವೆ ಇಡಿ. ಗೆರೆ ಓರೆಯಾಗದಂತೆ ನೋಡಿಕೊಳ್ಳುವುದು ಅದಕ್ಕಿಂತ ಮುಖ್ಯ.

ಆಕಾಶವನ್ನೇ ಬದಲಿಸಿಕೊಡುವ ತಂತ್ರಾಂಶಗಳಿರುವಾಗ ಮಳೆಯಲ್ಲಿ ನಿಲ್ಲುವುದೇಕೆ?

ಪ್ರಶ್ನೆ ಹೊಸದು, ಕೆಲಸ ಹಳೆಯದು. 1850ರ ದಶಕದ ಕೊಲೋಡಿಯನ್ ಎಂಬ ಅಂಟುದ್ರಾವಣ ಬಳಿದ ಗಾಜಿನ ಫಲಕಗಳಿಗೆ ನೀಲಿ ಬೆಳಕು ಬಹಳ ಬೇಗ ತಾಗುತ್ತಿತ್ತು. ಕಡಲಿಗೆ ಸರಿಯಾಗಿ ಎಕ್ಸ್‌ಪೋಷರ್ ಕೊಟ್ಟರೆ ಆಕಾಶ ಬರೀ ಬಿಳಿಯಾಗುತ್ತಿತ್ತು. ಫ್ರಾನ್ಸಿನ ಛಾಯಾಗ್ರಾಹಕ ಗುಸ್ತಾವ್ ಲ ಗ್ರೇ 1856ರಿಂದ ನಾರ್ಮಂಡಿ ಮತ್ತು ಮೆಡಿಟರೇನಿಯನ್ ತೀರಗಳಲ್ಲಿ ತೆಗೆದ ಸಮುದ್ರದ ಕೆಲವು ಚಿತ್ರಗಳಲ್ಲಿ ಕಡಲಿಗೊಂದು, ಆಕಾಶಕ್ಕೊಂದು ನೆಗೆಟಿವ್ ಬಳಸಿ ದಿಗಂತದ ಗೆರೆಯಲ್ಲಿ ಎರಡನ್ನೂ ಬೆಸೆದ. ಒಂದೇ ಮೋಡಗಳು ಅವನ ಒಂದಕ್ಕಿಂತ ಹೆಚ್ಚು ಚಿತ್ರಗಳಲ್ಲಿ ಕಾಣುತ್ತವೆ. ಅವನನ್ನು ನಾನು ದೂರುವುದಿಲ್ಲ. ಅವನ ಫಲಕಕ್ಕೆ ಎರಡನ್ನೂ ಒಟ್ಟಿಗೆ ಹಿಡಿಯುವ ಶಕ್ತಿ ಇರಲಿಲ್ಲ, ನಮ್ಮ ಸೆನ್ಸರಿಗೆ ಇದೆ. ಜೊತೆಗೆ ಅವನ ಚಿತ್ರಗಳಿಗೆ ಬಣ್ಣವಿರಲಿಲ್ಲ. ಬಣ್ಣ ಬಂದ ಮೇಲೆ ಬೆಸುಗೆ ಮುಚ್ಚುವುದು ಕಷ್ಟವಾಗಿದೆ, ಏಕೆಂದರೆ ತೀರದಲ್ಲಿ ಆಕಾಶ ಮೇಲೆ ಮಾತ್ರ ಇರುವುದಿಲ್ಲ. ಒದ್ದೆ ಮರಳಿನಲ್ಲಿದೆ, ಬಂಡೆಯ ಹೊಳಪಿನಲ್ಲಿದೆ, ಪ್ರತಿ ಅಲೆಯ ಇಳಿಜಾರಿನಲ್ಲಿದೆ. ನೀರಿನ ಮೇಲಿನ ಹೊಳೆಯುವ ದಾರಿ ಸೂರ್ಯನ ನೇರ ಕೆಳಗೆ ಇರಲೇಬೇಕು, ಬೆರಳಗಲ ಆಚೀಚೆ ಆದರೂ ಕಣ್ಣಿಗೆ ಚುಚ್ಚುತ್ತದೆ. ಆಕಾಶದಲ್ಲಿ ಕೆಂಪು, ಮರಳಿನಲ್ಲಿ ಬೂದು ಕಂಡರೆ ಆ ಆಕಾಶ ಎಲ್ಲಿಂದ ಬಂತು ಎಂದು ಯಾರೂ ಕೇಳಬೇಕಾಗಿಲ್ಲ. ಸಭಾಂಗಣ ಬಿಟ್ಟುಕೊಡುವ ಹೊತ್ತಾಗಿದೆ, ಉಳಿದ ಪ್ರಶ್ನೆಗಳನ್ನು ಹೊರಗೆ ನಿಂತು ಮಾತನಾಡೋಣ.